ಪದವನ್ನು ಅದರ ಜಾಗದಿಂದ ಕದಲಿಸಬೇಡಿ

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಕಳೆದ ಎರಡು ಜುಮಾಗಳಲ್ಲಿ ನಮ್ಮ ಮಸೀದಿಯಲ್ಲಿ ಮಾಡಿದ ಬಯಾನ್‌ನ ಸಾರ ಇದು. ಸಮಯ ಸಾಲದೆ ಅಲ್ಲಿ ಬಿಟ್ಟುಹೋದ ಚರಿತ್ರೆಯ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಂಡಿದ್ದೇನೆ. ಮಿಂಬರಿನ ಮೇಲೆ ನಿಂತು ಆಡಿದ ತಪ್ಪು ಮಾತನ್ನು ಎಲ್ಲರೆದುರೇ ತಿದ್ದಿಕೊಳ್ಳಬೇಕು.

ಒಂದು ರಾತ್ರಿ ಇಶಾ ನಮಾಜ್ ಮುಗಿದ ಮೇಲೆ ನಮ್ಮ ಮೊಹಲ್ಲಾದ ಒಬ್ಬ ಯುವಕ ನನಗಾಗಿ ಕಾದು ಕುಳಿತಿದ್ದ. ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ಅವನ ಜೊತೆ ಅದೇ ಪಾಳಿಯಲ್ಲಿ ದುಡಿಯುವ ಒಬ್ಬ ಕ್ರೈಸ್ತ ಗೆಳೆಯನಿದ್ದಾನೆ. ಆರೇಳು ವರ್ಷದ ಸ್ನೇಹ. ಈದ್ ದಿನ ಅವನು ಇವರ ಮನೆಯಲ್ಲಿ ಊಟ ಮಾಡುತ್ತಾನೆ. ಕ್ರಿಸ್‌ಮಸ್‌ಗೆ ಅವನ ತಾಯಿ ಇವರ ಮನೆಗೆ ಕಲ್‌ಕಲ್ ಕಳುಹಿಸುತ್ತಾರೆ. ಈಗ ಇಬ್ಬರಿಗೂ ಮಾತಿಲ್ಲ.

"ಏನಾಯಿತಪ್ಪಾ?" ಎಂದೆ. ಮೊಬೈಲ್ ತೆಗೆದು ತೋರಿಸಿದ. ಯಾರೋ ಕಳುಹಿಸಿದ್ದ ಸಂದೇಶವೊಂದನ್ನು ಇವನು ಕಾರ್ಖಾನೆಯ ಗೆಳೆಯರ ಗುಂಪಿಗೆ ಹಾಕಿದ್ದ. ಲೂಕನ ಸುವಾರ್ತೆಯ 14ನೇ ಅಧ್ಯಾಯದ 26ನೇ ವಚನ. ತನ್ನ ಹಿಂದೆ ಬರುವವನು ತಂದೆ ತಾಯಿಯನ್ನು ದ್ವೇಷಿಸಬೇಕು ಎಂಬ ಅರ್ಥ ಬರುವ ಮಾತು ಅಲ್ಲಿದೆ. ಅದರ ಕೆಳಗೆ ಇವನು, "ಹೆತ್ತ ತಾಯಿಯನ್ನು ದ್ವೇಷಿಸು ಅನ್ನುವ ಧರ್ಮ ನಿಮ್ಮದು" ಎಂದು ಬರೆದಿದ್ದ. ಗೆಳೆಯ ಸುಮ್ಮನಿರಲಿಲ್ಲ. ಕುರ್‌ಆನಿನ 5ನೇ ಅಧ್ಯಾಯದ 51ನೇ ಸೂಕ್ತಿಯನ್ನು ಹುಡುಕಿ ಹಾಕಿ, "ಕ್ರೈಸ್ತರನ್ನು ಸ್ನೇಹಿತರನ್ನಾಗಿ ಮಾಡಿಕೊಳ್ಳಬೇಡಿ ಅಂತ ನಿಮ್ಮ ಗ್ರಂಥವೇ ಹೇಳುತ್ತದೆ. ಹಾಗಾದರೆ ಇಷ್ಟು ವರ್ಷ ನನ್ನ ಜೊತೆ ನಾಟಕ ಆಡಿದೆಯಾ?" ಎಂದು ಕೇಳಿದ್ದ.

"ಹಜ್ರತ್, ಅವನಿಗೆ ಸರಿಯಾದ ಜವಾಬು ಕೊಡಬೇಕು. ಏನು ಬರೆಯಲಿ?" ಎಂದು ಹುಡುಗ ಕೇಳಿದ.

"ಮೊದಲು ನೀನು ಹಾಕಿದ ವಚನದ ಅರ್ಥ ನಿನಗೆ ಗೊತ್ತಾ?" ಎಂದೆ.

"ಕನ್ನಡದಲ್ಲೇ ಇದೆಯಲ್ಲ ಹಜ್ರತ್!"

ಕನ್ನಡದಲ್ಲೇ ಇದೆ, ನಿಜ. ಆದರೆ ಅದು ಕನ್ನಡಕ್ಕೆ ಹೇಗೆ ಬಂತು? ಯಾರು ತಂದರು? ಅವರು ಆರಿಸಿದ ಪದವೊಂದೇ ಅದಕ್ಕೆ ಸರಿಯಾದ ಪದವೇ? ಇದನ್ನು ತಿಳಿಯದೆ ಆ ವಚನವನ್ನು ಕಲ್ಲಿನಂತೆ ಎತ್ತಿ ಎಸೆಯುವುದು ನ್ಯಾಯವಲ್ಲ.

ಬೈಬಲ್ ಕನ್ನಡಕ್ಕೆ ಬಂದ ದಾರಿ

ಬೈಬಲಿನ ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯಲ್ಲಿದೆ, ಸ್ವಲ್ಪ ಭಾಗ ಅರಾಮಿಕ್‌ನಲ್ಲಿದೆ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿದೆ. ಹಜ್ರತ್ ಈಸಾ(ಅ) ತಮ್ಮ ಜನರೊಡನೆ ಮಾತಾಡುತ್ತಿದ್ದುದು ಅರಾಮಿಕ್. ಅಂದರೆ ಕನ್ನಡದಲ್ಲಿ ಓದುವ ಒಂದು ವಾಕ್ಯ ಅರಾಮಿಕ್‌ನಿಂದ ಗ್ರೀಕ್‌ಗೆ, ಗ್ರೀಕ್‌ನಿಂದ ಕನ್ನಡಕ್ಕೆ ಎರಡು ಹೊಳೆ ದಾಟಿ ಬಂದಿರುತ್ತದೆ.

ನಮ್ಮ ನಾಡಿನಲ್ಲಿ ಈ ಕೆಲಸ ಗಟ್ಟಿಯಾಗಿ ನಡೆದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. 1816ರಲ್ಲಿ ವಿಲಿಯಂ ರೀವ್ ಅವರ ಜೊತೆ ಸೇರಿದರು. ಆಗ ಅವರ ಕೈಯಲ್ಲಿ ಒಳ್ಳೆಯ ಕನ್ನಡ ನಿಘಂಟಿರಲಿಲ್ಲ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರೂ ಭಾರತದ ಹಲವು ಭಾಷೆಗಳಿಗೆ ಬೈಬಲನ್ನು ಅನುವಾದಿಸುತ್ತಿದ್ದರು. 1812ರಲ್ಲಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅನೇಕ ಹಸ್ತಪ್ರತಿಗಳು ಸುಟ್ಟುಹೋದವು. ಆದರೂ ಕೆಲಸ ನಿಲ್ಲಲಿಲ್ಲ. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಬಳ್ಳಾರಿಯವರ ದುಡಿಮೆ ಸುಮಾರು ಇಪ್ಪತ್ತು ವರ್ಷ ನಡೆದು, 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯುವಂತಾಯಿತು. ಅನುವಾದಕ್ಕಾಗಿ ಪದ ಕೂಡಿಸುತ್ತಾ ಹೋದ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರಲ್ಲೊಬ್ಬರು. ಬಳ್ಳಾರಿಯ ಅನುವಾದದ ಕನ್ನಡ ಸಹಜವಾಗಿಲ್ಲ ಎಂದು ಇವರಿಗೆ ಅನಿಸಿತು. ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದಲು ಕುಳಿತರು. ಬೆಂಗಳೂರಿನ ಬೆಂಜಮಿನ್ ರೈಸ್ ಕೂಡ ಈ ಪರಿಷ್ಕರಣೆಯಲ್ಲಿ ಬಹುಕಾಲ ದುಡಿದರು. ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಇವರ ಮಗ.

ನಮ್ಮ ಮೈಸೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಇಲ್ಲಿ ವೆಸ್ಲಿಯನ್ ಮಿಷನ್‌ನ ಮುದ್ರಣಾಲಯವಿತ್ತು. 1887ರಲ್ಲಿ ಇಲ್ಲಿಂದ 'ವೃತ್ತಾಂತ ಪತ್ರಿಕೆ' ಎಂಬ ವಾರಪತ್ರಿಕೆ ಹೊರಟಿತು. ಅದನ್ನು ಆರಂಭಿಸಿದ ಹೆನ್ರಿ ಹೇಗ್ ಮುಂದೆ ಕನ್ನಡ ಬೈಬಲಿನ ಮತ್ತೊಂದು ಪರಿಷ್ಕರಣೆಯಲ್ಲಿ ಕೈಗೂಡಿಸಿದರು.

ಇನ್ನೊಂದು ಹೆಸರನ್ನು ಹೇಳಲೇಬೇಕು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಪದಗಳ ಕೋಶ. ನಾನು ಬಿ.ಎ. ಓದುವಾಗ ಗ್ರಂಥಾಲಯದಲ್ಲಿ ಅದನ್ನು ಮೊದಲು ತೆರೆದಾಗ, ನಮ್ಮ ಮನೆಗಳಲ್ಲಿ ಆಡುವ ಎಷ್ಟೋ ಪದಗಳು, ಹಿಂದೂಸ್ತಾನಿಯ ದಾರಿಯಲ್ಲಿ ಬಂದ ಅರಬಿ ಪಾರಸಿ ಪದಗಳು ಸಹ, ಅದರಲ್ಲಿ ಕಂಡು ಬೆರಗಾದೆ. ಪಾದ್ರಿಯೊಬ್ಬರು ತಮ್ಮ ಧರ್ಮಪ್ರಚಾರಕ್ಕೆಂದು ಬಂದು, ಒಂದು ಪದದ ಬೇರು ಹುಡುಕುತ್ತಾ ಹುಡುಕುತ್ತಾ ಇಡೀ ಕನ್ನಡ ನಾಡಿಗೆ ಉಪಕಾರ ಮಾಡಿ ಹೋದರು.

ಅವರೆಲ್ಲ ಮತಪ್ರಚಾರಕ್ಕೇ ಬಂದವರು ಎಂಬುದನ್ನು ನಾನು ಮರೆತಿಲ್ಲ. ಇಲ್ಲಿ ಕಲಿಯಬೇಕಾದದ್ದು ಬೇರೆ. ಆ ಗ್ರಂಥವನ್ನು ದೇವವಾಕ್ಯವೆಂದು ನಂಬಿದವರೇ ಅದರ ಕನ್ನಡವನ್ನು ಮತ್ತೆ ಮತ್ತೆ ತಿದ್ದಿದರು. ತಮ್ಮ ಹಿರಿಯರು ಆರಿಸಿದ ಪದ ಸಾಲದು ಎಂದು ಒಪ್ಪಿಕೊಂಡರು. ಹಾಗಿರುವಾಗ ಹೊರಗಿನವರಾದ ನಾವು ಒಂದು ಕನ್ನಡ ಪದವನ್ನು ಹಿಡಿದು ತೀರ್ಪು ಕೊಡಬಹುದೇ?

ಒಂದೇ ಮಾತು, ಬೇರೆ ಬೇರೆ ಕನ್ನಡ

ಇಂದು ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಬೈಬಲ್ ಅನುವಾದಗಳಿವೆ. ಹಳೆಯ 'ಸತ್ಯವೇದ'ದಲ್ಲಿ 'ಸುವಾರ್ತೆ' ಎಂದಿರುವುದು ಈಚಿನ ಅನುವಾದದಲ್ಲಿ 'ಶುಭಸಂದೇಶ'. ನಾವು 'ಇಂಜೀಲ್' ಎನ್ನುತ್ತೇವೆ. ಮೂರರ ಮೂಲವೂ ಒಂದೇ ಗ್ರೀಕ್ ಪದ, 'ಯುವಾಂಗೆಲಿಯೋನ್', ಒಳ್ಳೆಯ ಸುದ್ದಿ. ಹಳೆಯದರಲ್ಲಿ 'ಯೆಹೋವ' ಎಂದಿರುವ ಕಡೆ ಈಚಿನದರಲ್ಲಿ 'ಸರ್ವೇಶ್ವರ' ಎಂದಿದೆ. ಹೀಬ್ರೂ ಭಾಷೆಯಲ್ಲಿ ಆ ಹೆಸರನ್ನು ನಾಲ್ಕು ವ್ಯಂಜನಗಳಲ್ಲಿ ಬರೆಯುತ್ತಾರೆ. ಯಹೂದಿಗಳು ಭಯಭಕ್ತಿಯಿಂದ ಅದನ್ನು ಉಚ್ಚರಿಸದೆ 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಾರೆ. ಒಬ್ಬ ಅನುವಾದಕ ಬರೆದ ಹೆಸರನ್ನು ಹಿಡಿದ, ಇನ್ನೊಬ್ಬ ಓದುವ ಗೌರವವನ್ನು ಹಿಡಿದ.

ಇನ್ನೊಂದು ಪದ ನೋಡಿ. ಸುವಾರ್ತೆಗಳಲ್ಲಿ ಈಸಾ(ಅ) ತಮ್ಮನ್ನು ಕರೆದುಕೊಳ್ಳುವ ಒಂದು ಹೆಸರು ಹಳೆಯ ಅನುವಾದದಲ್ಲಿ 'ಮನುಷ್ಯಕುಮಾರ', ಹೊಸದರಲ್ಲಿ 'ನರಪುತ್ರ'. ಕನ್ನಡದ ಕಿವಿಗೆ ಇದು ಒಂದು ಬಿರುದಿನಂತೆ ಕೇಳುತ್ತದೆ. ಅರಾಮಿಕ್‌ನಲ್ಲಿ 'ಬರ್ ನಾಶ್' ಎಂದರೆ ಸಾಮಾನ್ಯ ಮಾತಿನಲ್ಲಿ 'ಮನುಷ್ಯ' ಎಂದೇ ಅರ್ಥ. ನಾವು 'ಆದಮಿ' ಎನ್ನುವುದು ಆದಮ(ಅ)ರ ಮಗ ಎಂಬುದರಿಂದಲೇ ಬಂದ ಹಾಗೆ. ಆ ಪದಕ್ಕೆ ದಾನಿಯೇಲನ ಗ್ರಂಥದ ಹಿನ್ನೆಲೆಯಿಂದ ಹೆಚ್ಚಿನ ಅರ್ಥವಿದೆ ಎಂದು ಕ್ರೈಸ್ತ ವಿದ್ವಾಂಸರು ಹೇಳುತ್ತಾರೆ. ಮೂಲಪದ ತಿಳಿದರೆ ಈ ಎರಡೂ ಮಾತುಗಳನ್ನು ಕೇಳುವ ತಾಳ್ಮೆ ಬರುತ್ತದೆ.

ಲೂಕನ ವಚನದ 'ದ್ವೇಷ'

ಈಗ ಹುಡುಗನ ವಚನಕ್ಕೆ ಬರೋಣ. ಲೂಕನ ಗ್ರೀಕ್‌ನಲ್ಲಿರುವ ಪದ ದ್ವೇಷಿಸು ಎಂಬುದೇ. ಆದರೆ ಅದರ ಹಿಂದೆ ಸೆಮಿಟಿಕ್ ಭಾಷೆಗಳ ಒಂದು ನುಡಿಕಟ್ಟಿದೆ. ಹೀಬ್ರೂವಿನಲ್ಲಿ 'ಸಾನೇ' ಎಂಬುದು ದ್ವೇಷಕ್ಕೆ ಪದ. ಸೂರ ಕೌಸರ್ ಓದುವ ನಮ್ಮ ಮಕ್ಕಳಿಗೂ ಇದರ ನೆಂಟ ಪದ ಗೊತ್ತು. ಅಲ್ಲಿ ಬರುವ 'ಶಾನಿಅ' ಅದೇ ಬೇರಿನದು. ಆದಿಕಾಂಡದ 29ನೇ ಅಧ್ಯಾಯದಲ್ಲಿ ಯಾಕೂಬ(ಅ)ರಿಗೆ ಲೇಯಾಳಿಗಿಂತ ರಾಹೇಲಳ ಮೇಲೆ ಹೆಚ್ಚು ಪ್ರೀತಿ ಇತ್ತು ಎಂದು 30ನೇ ವಚನ ಹೇಳುತ್ತದೆ. ಮರುವಚನದಲ್ಲೇ ಹೀಬ್ರೂ ಮೂಲ ಲೇಯಾಳನ್ನು 'ದ್ವೇಷಕ್ಕೆ ಒಳಗಾದವಳು' ಎನ್ನುತ್ತದೆ. ಕಡಿಮೆ ಪ್ರೀತಿ ಪಡೆದವಳು ಎಂದು ಅದರ ಭಾವ. ಇಬ್ಬರಲ್ಲಿ ಒಬ್ಬರನ್ನು ಮುಂದೆ ಇಟ್ಟಾಗ, ಹಿಂದೆ ಉಳಿದವರ ಬಗ್ಗೆ ಆ ಜನ ಹೀಗೆ ಹೇಳುತ್ತಿದ್ದರು.

ಇದಕ್ಕೆ ಸಾಕ್ಷಿ ಸುವಾರ್ತೆಯಲ್ಲೇ ಇದೆ. ಇದೇ ಬೋಧನೆಯನ್ನು ಮತ್ತಾಯನು 10ನೇ ಅಧ್ಯಾಯದ 37ನೇ ವಚನದಲ್ಲಿ ಬರೆಯುವಾಗ, ತನಗಿಂತ ಹೆಚ್ಚಾಗಿ ತಂದೆ ತಾಯಿಯನ್ನು ಪ್ರೀತಿಸುವವನು ತನಗೆ ತಕ್ಕವನಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಒಂದೇ ಮಾತು, ಎರಡು ರೂಪ.

ಇಷ್ಟು ಹೇಳಿ ನಾನು ಆ ಹುಡುಗನನ್ನು ಕೇಳಿದೆ: "ಪ್ರವಾದಿ(ಸ) ನಮಗೆ ಏನು ಹೇಳಿದ್ದಾರೆ? ತಂದೆ, ಮಕ್ಕಳು, ಎಲ್ಲ ಜನರಿಗಿಂತ ನಾನು ಪ್ರಿಯನಾಗುವವರೆಗೆ ನಿಮ್ಮ ಈಮಾನ್ ಪೂರ್ಣವಲ್ಲ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿ ಇದೆಯಲ್ಲ?" ಅವನು ತಲೆ ತಗ್ಗಿಸಿದ. ತಾನು ಯಾವ ಮಾತನ್ನು ಗೇಲಿ ಮಾಡಿದ್ದೆನೋ ಅದೇ ಮಾತು ತನ್ನ ಮನೆಯ ಹದೀಸ್ ಕಿತಾಬಿನಲ್ಲೂ ಇದೆ ಎಂದು ಅವನಿಗೆ ಆಗ ಹೊಳೆಯಿತು.

ನಮ್ಮ 'ವಲಿ' ಮತ್ತು ಗೆಳೆಯನ ಪ್ರಶ್ನೆ

ಗೆಳೆಯ ಕೇಳಿದ ಪ್ರಶ್ನೆಗೂ ಉತ್ತರ ಪದದ ಬೇರಿನಲ್ಲಿದೆ. 5:51ರ ಸೂಕ್ತಿಯಲ್ಲಿರುವ ಅರಬಿ ಪದ 'ಔಲಿಯಾ', 'ವಲಿ' ಎಂಬುದರ ಬಹುವಚನ. ನಿಕಾಹ್‌ನಲ್ಲಿ ವಧುವಿನ ಪರವಾಗಿ ಕೂರುವವರನ್ನು ನಾವು ಏನೆನ್ನುತ್ತೇವೆ? ವಲಿ. ಅಲ್ಲಿ ಅದಕ್ಕೆ 'ಸ್ನೇಹಿತ' ಎಂದು ಅರ್ಥವೇ? ಅಲ್ಲ, ಪೋಷಕ, ಹೊಣೆ ಹೊತ್ತವನು. ರಾಜಕೀಯದಲ್ಲಿ ಅದು ಮೈತ್ರಿಪಕ್ಷ, ರಕ್ಷಣೆಗೆ ನಿಲ್ಲುವವನು. ಆ ಸೂಕ್ತಿ ಮದೀನಾದಲ್ಲಿ ಯುದ್ಧ ಮತ್ತು ಒಪ್ಪಂದಗಳ ಕಾಲಕ್ಕೆ ಸಂಬಂಧಿಸಿದ್ದು. ಅನುವಾದದಲ್ಲಿ 'ಸ್ನೇಹಿತರು' ಎಂಬ ಒಂದೇ ಪದ ಓದಿದವನಿಗೆ ಇದು ಹೇಗೆ ತಿಳಿಯಬೇಕು?

ಇದೇ ಅಧ್ಯಾಯದ 5ನೇ ಸೂಕ್ತಿ ಗ್ರಂಥದವರ ಆಹಾರವನ್ನು ನಮಗೆ ಹಲಾಲ್ ಮಾಡಿದೆ; ಅವರ ಶೀಲವತಿಯರನ್ನು ಮದುವೆಯಾಗಲೂ ಅನುಮತಿ ಕೊಟ್ಟಿದೆ. ಹೆಂಡತಿಯೊಡನೆ ಸ್ನೇಹ ಬೇಡ ಎನ್ನುವ ಧರ್ಮ ಎಲ್ಲಾದರೂ ಇದೆಯೇ? ಇನ್ನು 60:8ರಲ್ಲಿ, ನಿಮ್ಮೊಡನೆ ಯುದ್ಧ ಮಾಡದವರೊಂದಿಗೆ ಒಳಿತಿನಿಂದ, ನ್ಯಾಯದಿಂದ ನಡೆಯುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂದು ಸ್ಪಷ್ಟವಾಗಿದೆ.

ಜನ ಬಾಯಿಗೆ ಬಂದಂತೆ ಬಳಸುವ 'ಕಾಫಿರ್' ಎಂಬ ಪದವೂ ಹಾಗೆಯೇ. ಅದರ ಬೇರಿನಲ್ಲಿ 'ಮುಚ್ಚುವುದು' ಎಂಬ ಅರ್ಥವಿದೆ. 57:20ರಲ್ಲಿ ಅದೇ ಪದದ ಬಹುವಚನ 'ಕುಫ್ಫಾರ್' ಬರುತ್ತದೆ. ಅಲ್ಲಿ ಅದಕ್ಕೆ ಅನೇಕ ಮುಫಸ್ಸಿರರು ಹೇಳುವ ಅರ್ಥ ರೈತರು, ಬೀಜವನ್ನು ಮಣ್ಣಿನಲ್ಲಿ ಮುಚ್ಚುವವರು. ನಮ್ಮ ಗ್ರಂಥವನ್ನು ಓದುವವರು ಇಷ್ಟು ಎಚ್ಚರ ವಹಿಸಲಿ ಎಂದು ನಾವು ಬಯಸುತ್ತೇವೆ. ಹಾಗಿದ್ದರೆ ಅವರ ಗ್ರಂಥದ ವಿಷಯದಲ್ಲಿ ಅದೇ ಎಚ್ಚರ ನಮ್ಮ ಮೇಲಿನ ಸಾಲ.

ಸೂಜಿಯ ಕಣ್ಣು

ಎರಡೂ ಕಡೆಯ ವಿದ್ವಾಂಸರು ಒಂದೇ ಪ್ರಶ್ನೆಯ ಮುಂದೆ ಕುಳಿತ ಒಂದು ಸಂಗತಿ ಇದೆ. ಧನವಂತನು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತು ಮತ್ತಾಯನ 19ನೇ ಅಧ್ಯಾಯದಲ್ಲಿದೆ. ಕುರ್‌ಆನಿನ 7:40ರಲ್ಲಿಯೂ ಸತ್ಯವನ್ನು ಅಹಂಕಾರದಿಂದ ತಳ್ಳಿದವರ ಬಗ್ಗೆ ಇದೇ ಉಪಮೆ ಇದೆ.

ಒಂಟೆಗೂ ಸೂಜಿಗೂ ಏನು ಸಂಬಂಧ? ಗ್ರೀಕ್‌ನಲ್ಲಿ 'ಕಾಮೆಲೋಸ್' ಎಂದರೆ ಒಂಟೆ, 'ಕಾಮಿಲೋಸ್' ಎಂದರೆ ದಪ್ಪ ಹಗ್ಗ. ಐದನೇ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಇಲ್ಲಿ ಹಗ್ಗ ಎಂಬ ಅರ್ಥವನ್ನು ಸೂಚಿಸಿದರು. ನಮ್ಮಲ್ಲಿಯೂ 'ಜಮಲ್' ಎಂದರೆ ಒಂಟೆ. ಅದನ್ನು 'ಜುಮ್ಮಲ್', ಅಂದರೆ ಹಡಗಿನ ದಪ್ಪ ಹಗ್ಗ, ಎಂದು ಓದುವ ಪಾಠವೊಂದು ಇಬ್ನು ಅಬ್ಬಾಸ್(ರ) ಅವರ ಹೆಸರಿನಲ್ಲಿ ತಫ್ಸೀರ್ ಗ್ರಂಥಗಳಲ್ಲಿ ಬಂದಿದೆ. ಎರಡೂ ಕಡೆ ಕೊನೆಗೆ ಬಹುಜನ ವಿದ್ವಾಂಸರು ಒಪ್ಪಿದ್ದು ಒಂಟೆಯನ್ನೇ. ಆಗದ ಕೆಲಸವನ್ನು ಹೇಳಲೆಂದೇ ಇರುವ ಉಪಮೆ ಅದು. ಜೆರುಸಲೇಮಿನಲ್ಲಿ 'ಸೂಜಿಕಣ್ಣು' ಎಂಬ ಚಿಕ್ಕ ಬಾಗಿಲಿತ್ತು ಎಂದು ಕೆಲವರು ಕಥೆ ಹೇಳುತ್ತಾರೆ. ಈಸಾ(ಅ)ರ ಕಾಲದಲ್ಲಿ ಅಂಥ ಬಾಗಿಲಿದ್ದುದಕ್ಕೆ ಆಧಾರವಿಲ್ಲ.

ಇದರಿಂದ ಎರಡು ಪಾಠ. ಪದದ ಮೂಲವನ್ನು ಹುಡುಕಬೇಕು. ಆದರೆ ಮೂಲದ ಹೆಸರಿನಲ್ಲಿ ನಮಗೆ ಇಷ್ಟವಾದ ಅರ್ಥವನ್ನು ತಂದು ತುರುಕಬಾರದು. ಹಗ್ಗ ಎಂಬುದು ಕೇಳಲು ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ.

ನನ್ನ ತಪ್ಪು

ಈ ಎರಡನೇ ಪಾಠವನ್ನು ನಾನು ತಡವಾಗಿ ಕಲಿತೆ.

ಸುಮಾರು ಹನ್ನೆರಡು ವರ್ಷಗಳ ಹಿಂದೆ ಒಂದು ಜುಮಾದಲ್ಲಿ ನಾನು ಯೋಹಾನನ ಸುವಾರ್ತೆಯ ಬಗ್ಗೆ ಮಾತಾಡಿದೆ. ಅದರ 14ರಿಂದ 16ನೇ ಅಧ್ಯಾಯಗಳಲ್ಲಿ ಈಸಾ(ಅ) ತಮ್ಮ ನಂತರ ಬರುವ ಒಬ್ಬರ ಬಗ್ಗೆ ಹೇಳುತ್ತಾರೆ. ಗ್ರೀಕ್‌ನಲ್ಲಿ 'ಪಾರಾಕ್ಲೀಟೋಸ್'. ಹಳೆಯ ಕನ್ನಡ ಅನುವಾದದಲ್ಲಿ 'ಸಹಾಯಕ'. 1611ರ ಇಂಗ್ಲಿಷ್ ಬೈಬಲ್ ಸಾಂತ್ವನ ನೀಡುವವನು ಎಂದಿತು. ಆಮೇಲಿನವು ವಕೀಲ, ಸಲಹೆಗಾರ, ಸಹಾಯಕ ಎಂದೆಲ್ಲ ಹೇಳಿವೆ. ಪಕ್ಕಕ್ಕೆ ಕರೆಯಲ್ಪಟ್ಟವನು, ನಮ್ಮ ಪರವಾಗಿ ನಿಲ್ಲುವವನು ಎಂಬುದು ಪದದ ಬೇರು. ನಾನು ಅಂದು ಮಿಂಬರಿನ ಮೇಲೆ ನಿಂತು, "ಮೂಲದಲ್ಲಿ ಇದ್ದದ್ದು 'ಪೆರಿಕ್ಲುಟೋಸ್', ಅಂದರೆ ಹೊಗಳಲ್ಪಟ್ಟವನು, ಅಂದರೆ ಅಹ್ಮದ್. ಅಕ್ಷರ ಬದಲಾಯಿಸಿ ಮುಚ್ಚಿಟ್ಟರು" ಎಂದು ಗಟ್ಟಿಯಾಗಿ ಹೇಳಿದೆ. ವಾದಗ್ರಂಥವೊಂದರಲ್ಲಿ ಓದಿದ್ದೆ, ಅಷ್ಟೆ.

ನಮಾಜ್ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು, ನಮ್ಮ ಜಮಾಅತ್‌ನ ಹಿರಿಯರು, ಮೆಲ್ಲಗೆ ಹತ್ತಿರ ಬಂದು ಕೇಳಿದರು: "ಹಜ್ರತ್, ಆ ಪದ ಇರುವ ಹಳೆಯ ಪ್ರತಿ ಎಲ್ಲಿದೆ?" ನನ್ನ ಬಳಿ ಉತ್ತರವಿರಲಿಲ್ಲ. "ಉಲಮಾಗಳು ಬರೆದಿದ್ದಾರೆ ಸಾಹೇಬರೇ" ಎಂದು ಜಾರಿಕೊಂಡೆ. ಅವರು ನಕ್ಕು ಸುಮ್ಮನಾದರು.

ವರ್ಷಗಳು ಕಳೆದ ಮೇಲೆ ಸ್ವತಃ ಓದಲು ಕುಳಿತೆ. ಉಳಿದು ಬಂದಿರುವ ಹಳೆಯ ಗ್ರೀಕ್ ಪ್ರತಿಗಳಲ್ಲಿ, ಪ್ರವಾದಿ(ಸ)ಯವರು ಹುಟ್ಟುವುದಕ್ಕಿಂತ ಎರಡು ಶತಮಾನಗಳಷ್ಟು ಹಿಂದೆ ಬರೆದ ಸಿನಾಯ್ ಪ್ರತಿಯಲ್ಲೂ, ಇರುವುದು 'ಪಾರಾಕ್ಲೀಟೋಸ್'. 'ಪೆರಿಕ್ಲುಟೋಸ್' ಎಂಬುದು ಯಾವ ಪ್ರತಿಯಲ್ಲೂ ಇಲ್ಲ. ಅರಬಿ, ಹೀಬ್ರೂಗಳಂತೆ ಸ್ವರಚಿಹ್ನೆ ಬಿಟ್ಟು ಬರೆಯುವ ಲಿಪಿಯಾಗಿದ್ದರೆ ಹಾಗೆ ತಪ್ಪು ಓದುವ ಸಾಧ್ಯತೆಯಾದರೂ ಇರುತ್ತಿತ್ತು. ಗ್ರೀಕ್‌ನಲ್ಲಿ ಸ್ವರಗಳೂ ಅಕ್ಷರಗಳೇ. ನಮ್ಮ ಸೀರತ್ ಬರೆದ ಮೊದಲಿಗರಲ್ಲಿ ಒಬ್ಬರಾದ, ಎಂಟನೇ ಶತಮಾನದ ಇಬ್ನು ಇಸ್‌ಹಾಕ್ ಈ ಭಾಗವನ್ನು ಉಲ್ಲೇಖಿಸುವಾಗ ಸಿರಿಯಾಕ್‌ನ 'ಮುನಹ್‌ಹಮನಾ' ಮತ್ತು ಗ್ರೀಕ್‌ನ 'ಬರಕ್ಲಿತಿಸ್' ಎಂದೇ ಬರೆದಿದ್ದಾರೆ. ಅಂದರೆ ಅವರ ಮುಂದೆ ಇದ್ದದ್ದೂ ಅದೇ ಪದ. ಅವರು ಅದರ ಅರ್ಥದ ಮೇಲೆ ಮಾತಾಡಿದರು, ಅಕ್ಷರವನ್ನು ತಿದ್ದಲಿಲ್ಲ.

ಹಾಗಾದರೆ ನಮ್ಮ ನಂಬಿಕೆಗೆ ಏನಾಯಿತು? ಏನೂ ಆಗಲಿಲ್ಲ. ಅಹ್ಮದ್ ಎಂಬ ಹೆಸರಿನ ದೂತರ ಶುಭವಾರ್ತೆಯನ್ನು ಈಸಾ(ಅ) ಕೊಟ್ಟರು ಎಂದು ಕುರ್‌ಆನಿನ 61:6 ಹೇಳುತ್ತದೆ. ನಮಗೆ ಅಷ್ಟು ಸಾಕು. ಯೋಹಾನನ ಆ ಮಾತಿನ ಭಾವ ಪ್ರವಾದಿ(ಸ)ಯವರಿಗೆ ಹೊಂದುತ್ತದೆ ಎಂದು ನಮ್ಮ ವಿದ್ವಾಂಸರು ವಾದಿಸಿದ್ದಾರೆ. 14:26ರಲ್ಲಿ ಪವಿತ್ರಾತ್ಮ ಎಂದೇ ಹೇಳಿದೆ ಎಂದು ಕ್ರೈಸ್ತರು ಉತ್ತರಿಸುತ್ತಾರೆ. ಅದು ಅರ್ಥದ ಚರ್ಚೆ, ಗೌರವದಿಂದ ನಡೆಯಬಹುದು. ಆದರೆ ಇಲ್ಲದ ಪ್ರತಿಯನ್ನು ಇದೆ ಎನ್ನುವುದು ಸುಳ್ಳು. ಪ್ರವಾದಿ(ಸ)ಯವರ ಸತ್ಯಕ್ಕೆ ನಮ್ಮ ಸುಳ್ಳಿನ ಆಸರೆ ಬೇಕಿಲ್ಲ.

ಆ ಮೇಷ್ಟ್ರು ಇಂದು ನಮ್ಮೊಡನಿಲ್ಲ. ನೀವು ಕೇಳಿದ್ದು ಸರಿಯಾಗಿತ್ತು ಎಂದು ಅವರಿಗೆ ಹೇಳುವ ಅವಕಾಶವನ್ನು ಕಳೆದುಕೊಂಡೆ. ಅಂದು ಮಿಂಬರಿನಿಂದ ಹೇಳಿದ ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಹಿರಿಯರು ಹಾಕಿಕೊಟ್ಟ ದಾರಿ

ಇದು ನಾನು ಹೊಸದಾಗಿ ಕಂಡುಹಿಡಿದ ದಾರಿಯಲ್ಲ. ಯಹೂದಿಗಳ ಬರಹವನ್ನು ಕಲಿಯಲು ಪ್ರವಾದಿ(ಸ) ತಮ್ಮ ಸಹಾಬಿ ಝೈದ್ ಬಿನ್ ಸಾಬಿತ್(ರ) ಅವರಿಗೆ ಆಜ್ಞಾಪಿಸಿದರು. ಪತ್ರವ್ಯವಹಾರದಲ್ಲಿ ಇನ್ನೊಬ್ಬರ ಮಾತನ್ನು ನಂಬಿ ಕೂರುವ ಬದಲು ನಮ್ಮವರೇ ಓದಿ ತಿಳಿಯಲಿ ಎಂದು. ಹದಿನೈದು ದಿನಗಳೊಳಗೆ ಅವರು ಕಲಿತರು ಎಂದು ತಿರ್ಮಿದಿಯ ವರದಿಯಲ್ಲಿದೆ. ಬುಖಾರಿಯಲ್ಲಿ ಅಬೂ ಹುರೈರಾ(ರ) ಅವರ ವರದಿಯೊಂದಿದೆ: ಗ್ರಂಥದವರು ತೌರಾತನ್ನು ಹೀಬ್ರೂವಿನಲ್ಲಿ ಓದಿ ಮುಸ್ಲಿಮರಿಗೆ ಅರಬಿಯಲ್ಲಿ ವಿವರಿಸುತ್ತಿದ್ದರು, ಅವರು ಹೇಳಿದ್ದನ್ನು ಪೂರ್ತಿ ಒಪ್ಪಲೂ ಬೇಡಿ, ಸುಳ್ಳೆನ್ನಲೂ ಬೇಡಿ ಎಂದು ಪ್ರವಾದಿ(ಸ) ತಿಳಿಸಿದರು. ಅನುವಾದದ ಮುಂದೆ ಹೇಗೆ ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಅದಕ್ಕಾಗಿ ಸಂಸ್ಕೃತ ಕಲಿತರು. ಹಿಂದೂಗಳ ಮಾತನ್ನು ಹಿಂದೂಗಳು ಹೇಳುವಂತೆಯೇ ಮುಂದಿಡುವುದು ಅವರ ಸಂಕಲ್ಪವಾಗಿತ್ತು. ಹದಿನೈದನೇ ಶತಮಾನದಲ್ಲಿ ಕೈರೋದ ಇಮಾಮ್ ಬಿಕಾಯಿ ತಮ್ಮ ತಫ್ಸೀರ್‌ನಲ್ಲಿ ತೌರಾತ್ ಇಂಜೀಲ್‌ಗಳಿಂದ ದೀರ್ಘ ಭಾಗಗಳನ್ನು ಉಲ್ಲೇಖಿಸಿದರು. ಆಕ್ಷೇಪ ಬಂದಾಗ ಅದನ್ನು ಸಮರ್ಥಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದರು.

ವಾದಕ್ಕೆ ನಿಂತವರೂ ಓದಿಯೇ ನಿಂತರು. 1854ರಲ್ಲಿ ಆಗ್ರಾದಲ್ಲಿ ಪಾದ್ರಿ ಫಾಂಡರ್ ಅವರೊಡನೆ ಮೌಲಾನಾ ರಹಮತುಲ್ಲಾ ಕೈರಾನವಿ ಚರ್ಚೆ ನಡೆಸಿದರು. ಫಾಂಡರ್ ತರಬೇತಿ ಪಡೆದದ್ದು ಬಾಸೆಲ್‌ನಲ್ಲಿ, ಮಂಗಳೂರಿಗೆ ಬಂದ ಪಾದ್ರಿಗಳು ಕಲಿತ ಶಾಲೆಯಲ್ಲೇ. ಮೌಲಾನಾರಿಗೆ ಜೊತೆಯಾದವರು ಡಾ. ವಜೀರ್ ಖಾನ್, ಅವರು ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದುವಾಗ ಬೈಬಲ್ ವಿಮರ್ಶೆಯ ಗ್ರಂಥಗಳನ್ನು ಸಂಗ್ರಹಿಸಿ ತಂದಿದ್ದರು. ಅವರ ಎಲ್ಲ ವಾದಗಳೂ ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಆದರೆ ಆ ಹಿರಿಯರು ರಾತ್ರಿಗಟ್ಟಲೆ ಓದಿ ಮಾತಾಡಿದರು. ನಾವು ಬೆರಳ ತುದಿಯಲ್ಲಿ ಒತ್ತಿ ಮುಂದಕ್ಕೆ ಕಳುಹಿಸುತ್ತೇವೆ.

ತಹ್‌ರೀಫ್ ಎಂದರೇನು?

ಹಿಂದಿನ ಗ್ರಂಥದವರಲ್ಲಿ ಕೆಲವರು ಪದಗಳನ್ನು ಅವುಗಳ ಜಾಗದಿಂದ ಕದಲಿಸಿದರು ಎಂದು ಕುರ್‌ಆನ್ 4:46 ಮತ್ತು 5:13ರಲ್ಲಿ ಆಕ್ಷೇಪಿಸುತ್ತದೆ. ಇದನ್ನೇ ನಾವು ತಹ್‌ರೀಫ್ ಎನ್ನುತ್ತೇವೆ. ಅಕ್ಷರಗಳನ್ನೇ ಬದಲಿಸಲಾಯಿತು ಎಂದು ಕೊರ್ಡೊಬಾದ ಇಬ್ನು ಹಝ್ಮ್‌ರಂಥವರು ಹೇಳಿದರು. ಅಕ್ಷರ ಹಾಗೇ ಇಟ್ಟು ಅರ್ಥವನ್ನು ತಿರುಚುವುದೂ ತಹ್‌ರೀಫ್ ಎಂದು ಇನ್ನು ಕೆಲವರು ವಿವರಿಸಿದರು. ಇಮಾಮ್ ಬುಖಾರಿಯವರ ಸಹೀಹ್‌ನಲ್ಲಿಯೂ ಈ ವಿವರಣೆ ಇದೆ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಲೂಕನ ವಚನವನ್ನು ಅದರ ಹಿಂದು ಮುಂದಿನಿಂದ ಕಿತ್ತು, ಮೂಲಪದದ ಭಾವ ತಿಳಿಯದೆ, ಗೆಳೆಯನ ತಾಯಿಯ ಮೇಲೆ ಎಸೆದಾಗ ನಾವು ಮಾಡಿದ್ದೇನು? 'ಔಲಿಯಾ' ಎಂಬ ಪದವನ್ನು ಕಿತ್ತು ಅವನು ನಮ್ಮ ಮೇಲೆ ಎಸೆದಾಗ ನಮಗೆ ನೋವಾಯಿತು. ಯಾವ ತಪ್ಪಿಗೆ ಕುರ್‌ಆನ್ ಬೇರೆಯವರನ್ನು ಎಚ್ಚರಿಸಿತೋ ಅದೇ ತಪ್ಪನ್ನು ಅವರ ಗ್ರಂಥದ ಮೇಲೆ ನಾವು ಮಾಡಿದರೆ, ನಾಳೆ ಅಲ್ಲಾಹನ ಮುಂದೆ ಏನು ಜವಾಬು ಕೊಡುತ್ತೇವೆ?

ಆದ್ದರಿಂದ ಮನೆಮನೆಯ ತಾಯಿ ತಂದೆಯರಿಗೆ, ಯುವಕರಿಗೆ ನನ್ನ ವಿನಂತಿ ಇಷ್ಟೇ. ಬೇರೆಯವರ ಗ್ರಂಥದ ವಚನ ಕೈಗೆ ಬಂದರೆ ಮುಂದಕ್ಕೆ ಕಳುಹಿಸುವ ಮುನ್ನ ಆ ಅಧ್ಯಾಯವನ್ನು ಪೂರ್ತಿ ಓದಿ. ಒಂದಕ್ಕಿಂತ ಹೆಚ್ಚು ಅನುವಾದ ನೋಡಿ. ಮೂಲಪದ ಯಾವುದು ಎಂದು ತಿಳಿದವರನ್ನು ಕೇಳಿ. ಎಲ್ಲಕ್ಕಿಂತ ಮೊದಲು, ಆ ಗ್ರಂಥವನ್ನು ನಂಬುವ ನಿಮ್ಮ ನೆರೆಯವರನ್ನೇ ಕೇಳಿ: "ಈ ಮಾತನ್ನು ನೀವು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ?" ಕುರ್‌ಆನ್ ಅನುವಾದವನ್ನು ಓದುವಾಗಲೂ ಇದೇ ನಿಯಮ. ಅನುವಾದ ಅನುವಾದವೇ, ಕುರ್‌ಆನ್ ಅರಬಿಯಲ್ಲಿದೆ ಎಂಬುದು ನೆನಪಿರಲಿ.

ಅಂದು ರಾತ್ರಿ ಆ ಹುಡುಗ ಜವಾಬನ್ನು ಬರೆದುಕೊಂಡು ಹೋಗಲಿಲ್ಲ. "ಹಜ್ರತ್, ಮೊದಲು ಅವನ ಅಮ್ಮನ ಹತ್ತಿರ ಮಾಫಿ ಕೇಳಬೇಕು" ಎಂದ. ಮುಂದಿನ ಭಾನುವಾರ ಹೋಗಿ ಬಂದನಂತೆ. ಗೆಳೆಯ ಇನ್ನೂ ಸ್ವಲ್ಪ ಬಿಗುವಾಗಿದ್ದಾನೆ, ಆದರೆ ಅವನ ತಾಯಿ ಚಹಾ ಕೊಟ್ಟು ಕೂರಿಸಿದರಂತೆ. ಪಾಳಿಯಲ್ಲಿ ಮಾತು ಮತ್ತೆ ಶುರುವಾಗಿದೆ.

ಅಲ್ಲಾಹನು ನಮ್ಮ ನಾಲಿಗೆಗೆ ಸತ್ಯವನ್ನು, ನಮ್ಮ ಓದಿಗೆ ತಾಳ್ಮೆಯನ್ನು, ನಮ್ಮ ತಪ್ಪು ಒಪ್ಪಿಕೊಳ್ಳುವ ಧೈರ್ಯವನ್ನು ಕರುಣಿಸಲಿ. ಆ ಮೇಷ್ಟ್ರ ಮಗ್ಫಿರತ್‌ಗಾಗಿ ಎಲ್ಲರೂ ದುಆ ಮಾಡಿ. ಆಮೀನ್.